ಓನರಮ್ಮನಿಗೆ ಬಿದ್ದ ಗಂಧದ ಹಾರ

ಓನರಮ್ಮನ ಮೂಗಿನ ಎಡ ಹೊಳ್ಳೆ ಬಲ ಹೊಳ್ಳೆಗಿಂತ ಮೊದಲು ಏರುತ್ತಿತ್ತು. ಏಳು ಕಲ್ಲಿನ ಮೂಗುಬಟ್ಟೂ ಅಲ್ಲೇ ಇದ್ದುದರಿಂದ, ಅದು ಮೇಲೆದ್ದು ಮಿಂಚಿತೆಂದರೆ ಎದುರಿಗಿದ್ದವರ ಮಾನ ಹರಾಜಾಗುವುದು ಖಚಿತ. ಹಲಸೂರಿನ ಅವರ ವಠಾರದಲ್ಲಿ ಬಾಡಿಗೆಗಿದ್ದ ನಾವೆಲ್ಲ ಅವರ ಕಣ್ಣು ನೋಡಿ ಮಾತಾಡುತ್ತಿರಲಿಲ್ಲ, ಮೂಗುಬಟ್ಟು ನೋಡಿ ಮಾತಾಡುತ್ತಿದ್ದೆವು.

ಊರಲ್ಲಿ ಅವರಿಗೆ ಒಪ್ಪಿಗೆಯಾದದ್ದು ಬಹಳ ಕಡಿಮೆ. ಕೆರೆಯ ಸುತ್ತ ವಾಕಿಂಗ್ ಮಾಡಲು ಕಾರಿನಲ್ಲಿ ಬರುವವರನ್ನು ಕಂಡರೆ, "ನಡಿಯಕ್ಕೂ ಕಾರಲ್ಲಿ ಬರ್ತಾವೆ ಮುಂಡೇವು" ಎನ್ನುವರು. ಮಹಡಿಯ ಹುಡುಗ ಕಂತಿನ ಮೇಲೆ ದೊಡ್ಡ ಟಿವಿ ತಂದಾಗ, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಅವನಿಗೆ ಕೇಳಿಸುವ ಹಾಗೆಯೇ ಹೇಳಿದರು. ನಾನು ರೂಮು ಕೇಳಲು ಹೋದ ದಿನ, "ಯಾವೂರಮ್ಮ?" ಎಂದರು. "ಯಾದಗಿರಿ ರೀ" ಎಂದೆ. "ಬಿಸಿಲೂರೋಳು. ನಮ್ಮ ಚಳಿಗೆ ಮೂಗು ಸೋರಿಸ್ಕೊಂಡು ಕೂರ್ಬೇಡ." ಅಂದಿನಿಂದ ನನ್ನ ಹೆಸರೇ ಯಾದಗಿರಿ. ಅಷ್ಟು ವರ್ಷದಲ್ಲಿ ನನ್ನ ನಿಜವಾದ ಹೆಸರನ್ನು ಅವರು ಕೇಳಲೇ ಇಲ್ಲ.

ಅವರ ವಠಾರಕ್ಕೆ ಒಂದೇ ಕಟ್ಟಳೆ. ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅವರು ಕೂತಿರುತ್ತಿದ್ದರು; ಹೊರಗೆ ಹೋಗುವ ಯಾರೇ ಆಗಲಿ ಅವರ ಮುಖ ನೋಡಿ "ಹೋಗಿ ಬರ್ತೀನಿ" ಎನ್ನಬೇಕು. ಮರೆತರೆ ಬೀದಿಯ ಕೊನೆಯಿಂದಲೂ ವಾಪಸ್ ಕರೆಯುತ್ತಿದ್ದರು. "ಏಯ್ ಯಾದಗಿರಿ! ಹೇಳ್ದೆ ಹೊರಟ್ಯಲ್ಲ, ಇದೇನು ಸಾವಿನ ಮನೇನಾ?" ಸಾವಿನ ಮನೆಯಿಂದ ಎದ್ದವರು ಮಾತ್ರ ಹೇಳದೆ ಹೋಗುವುದು ಎಲ್ಲರಿಗೂ ಗೊತ್ತಿರುವ ಪದ್ಧತಿ. ಆದರೆ ಗರುಡಾಚಾರ್‌ಪಾಳ್ಯದ ನನ್ನ ಪ್ಯಾಕಿಂಗ್ ಕಂಪನಿಯ ಬಸ್ಸಿಗೆ ಪದ್ಧತಿಗಳ ಮೇಲೆ ಗೌರವವಿರಲಿಲ್ಲ. ಈ ಒಂದು ಮಾತಿಗಾಗಿ ಎಷ್ಟೋ ಸಲ ಬಸ್ಸು ತಪ್ಪಿಸಿಕೊಂಡು, ಮುದುಕಿಗೆ ಅರಳುಮರಳು ಎಂದು ಬೈದುಕೊಂಡಿದ್ದೇನೆ.

ಅವರ ನಡುಮನೆಯಲ್ಲಿ ಟಿವಿಯ ಮೇಲೆ ಒಂದು ಫೋಟೊ ಇತ್ತು. ಒಂದೇ ಥಾನಿನ ಲಂಗ ತೊಟ್ಟ ಇಬ್ಬರು ಹುಡುಗಿಯರು. ದೊಡ್ಡವಳು ಓನರಮ್ಮ, ಚಿಕ್ಕವಳು ಅವರ ತಂಗಿ. ತೆಗೆಸಿದ್ದು ರಂಗೂನಿನಲ್ಲಿ. ಅವರ ತಂದೆ ಅಲ್ಲಿ ಕಾಂಪೌಂಡರ್ ಆಗಿದ್ದರು. ಜಪಾನಿನವರು ಬಾಂಬು ಹಾಕಿದಾಗ ಇಡೀ ಸಂಸಾರ ಹಡಗು ಹತ್ತಿ ಬಂತು. ತಂಗಿ ಮಾತ್ರ ಅಲ್ಲೇ ಉಳಿದಳು. ಯುದ್ಧ ಮುಗಿದ ಮೇಲೆ ಎಷ್ಟು ವಿಚಾರಿಸಿದರೂ ಸುದ್ದಿ ಸಿಗಲಿಲ್ಲ. ಇಷ್ಟನ್ನು ಓನರಮ್ಮ ಎರಡೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದರು. ಆದರೆ ತಂಗಿ ಸತ್ತಿರಬಹುದೆಂದು ಅವರ ಮುಂದೆ ಯಾರೂ ಅನ್ನುವ ಹಾಗಿರಲಿಲ್ಲ.

ಅಂದವನು ಒಬ್ಬನೇ, ಅವರ ತಮ್ಮನ ಮಗ. ಇಂದಿರಾನಗರದಲ್ಲಿ ಮನೆ, ಬಾಯಲ್ಲಿ ಸದಾ ಯಾವುದಾದರೂ ಸೆಮಿನಾರಿನ ಮಾತು. "ಅತ್ತೆ, ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡಿ. ಇಷ್ಟು ವರ್ಷ ಆದ್ಮೇಲೆ ಅವರು ಇರೋ ಚಾನ್ಸೇ ಇಲ್ಲ. ಒಂದು ಶ್ರಾದ್ಧ ಮಾಡಿಸ್ಬಿಟ್ರೆ ಎಲ್ರಿಗೂ ಕ್ಲೋಶರ್ ಸಿಗುತ್ತೆ."

ಓನರಮ್ಮ ನನ್ನ ಕಡೆ ತಿರುಗಿದರು. "ಹಂಗಂದ್ರೇನೇ?"

"ಬಾಗಿಲು ಹಾಕೋದು ಅಂತ್ರೀ."

"ಮೊದ್ಲು ಅವನ ಬಾಯಿಗೆ ಹಾಕು."

ಈ ಮಹಾಶಯನೇ ಒಂದು ಭಾನುವಾರ ಕಾದಂಬರಿಕಾರರೊಬ್ಬರನ್ನು ಕರೆತಂದ. ಐತಿಹಾಸಿಕ ಕಾದಂಬರಿ ಅವರ ಕಸುಬು. ಇಸ್ತ್ರಿ ಮುರಿಯದ ಖಾದಿ ಜುಬ್ಬಾ, ಹೆಗಲಲ್ಲಿ ಬಡವರ ಬಟ್ಟೆ ಚೀಲ, ಚೀಲದೊಳಗೆ ಸಾಹುಕಾರರ ಫೋನು. ಕುಳಿತವರೇ ದನಿ ತಗ್ಗಿಸಿ, "ಅಮ್ಮಾ, ಚರಿತ್ರೆಯ ಗಾಯಗಳನ್ನು ನಾವು ಮುಟ್ಟಿ ನೋಡಬೇಕು" ಎಂದರು.

ಮೂಗುಬಟ್ಟು ಏರಿತು. "ಮುಟ್ಟಕ್ಕೆ ಮುಂಚೆ ಕೈ ತೊಳ್ಕೊಳಪ್ಪ."

ಅವರು ನಕ್ಕರು. ಇಂಥವರಿಗೆ ಅವಮಾನವೂ ಸ್ವಾರಸ್ಯದ ಹಾಗೆ ಕೇಳಿಸುತ್ತದೆ. "ತಂಗಿಯನ್ನು ಬಿಟ್ಟು ಹಡಗು ಹತ್ತಿದ ಆ ಕ್ಷಣದಲ್ಲಿ ನಿಮಗೆ ಏನನ್ನಿಸಿತು?"

"ಹಸಿವು."

"ಅಲ್ಲಮ್ಮಾ, ಮನಸ್ಸಿನಲ್ಲಿ..."

"ಮನಸ್ಸಲ್ಲೂ ಅದೇ."

ಸತ್ಯ ಹೀಗೆ ಸಪ್ಪೆಯಾಗಿ ಸಿಕ್ಕಿದ್ದರಿಂದ ಅವರು ತಾವೇ ಉಪ್ಪುಖಾರ ಹಾಕಿ ಬೇಯಿಸಿದರು. ಪುಸ್ತಕ ಬಂದಾಗ ಓನರಮ್ಮನಿಗೆ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವರ ಕಣ್ಣು ಆಗಲೇ ಮಂಜಾಗಿತ್ತು. ಮೊದಲ ಅಧ್ಯಾಯದಲ್ಲೇ ಅಕ್ಕತಂಗಿಯರಿಗೆ ಬೆಳ್ಳಿಯ ಕಾಲ್ಗೆಜ್ಜೆ. "ಗೆಜ್ಜೆಯಂತೆ! ನಮ್ಮಪ್ಪ ಕಾಂಪೌಂಡರ್ ಕಣೇ, ದಿವಾನರಲ್ಲ" ಎಂದು ನಕ್ಕರು. ತಂಗಿ ಬರ್ಮೀ ರಾಜಕುಮಾರನಂಥ ಒಬ್ಬನನ್ನು ಪ್ರೀತಿಸಿದಾಗ ಇನ್ನೂ ಜೋರಾಗಿ ನಕ್ಕರು. "ಏಳು ವರ್ಷದ ಕೂಸು ಅದು. ಮೂಗು ಒರೆಸ್ಕೊಳ್ಳಕ್ಕೆ ಬರ್ತಿರ್ಲಿಲ್ಲ, ಪ್ರೀತಿ ಮಾಡಕ್ಕೆ ಬಂತಾ?" ಆಮೇಲೆ ಅಗಲಿಕೆಯ ಭಾಗ ಬಂತು. ಬೆಳದಿಂಗಳಲ್ಲಿ ಬಂದರು, ಅಕ್ಕ ತಂಗಿಯನ್ನು ತಬ್ಬಿಕೊಂಡು ಪುಟಗಟ್ಟಲೆ ಬೀಳ್ಕೊಡುಗೆ, "ಹೋಗಿ ಬರುವೆ ತಂಗೀ" ಎಂದು ಕೂಗುತ್ತಾ ಮರೆಯಾಗುವ ಹಡಗು. ಅವರ ನಗು ಕೇಳಿಸಲಿಲ್ಲ. ತಲೆಯೆತ್ತಿ ನೋಡಿದರೆ ಓನರಮ್ಮ ಗೋಡೆಯ ಕಡೆ ಮುಖ ಮಾಡಿದ್ದರು. "ಮುಚ್ಚೇ ಅದನ್ನ" ಎಂದರು. ಕೊನೆಯಲ್ಲಿ ತಂಗಿ ಗೆಜ್ಜೆ ಹಿಡಿದುಕೊಂಡೇ ಸಾಯುತ್ತಾಳೆಂಬುದನ್ನು ನಾನೊಬ್ಬಳೇ ಓದಿಕೊಂಡೆ. ಅವರಿಗೆ ಹೇಳಲಿಲ್ಲ.

ಪುಸ್ತಕದ ಬಿಡುಗಡೆಗೆ ಅವರು ಹೋಗುವುದಿಲ್ಲವೆಂದುಕೊಂಡಿದ್ದೆ. "ಬರೆದೋನ ಮುಖ ಇನ್ನೊಂದ್ಸಲ ನೋಡ್ಬೇಕು, ನಡಿ" ಎಂದರು. ಇಂದಿರಾನಗರದ ಹಂಡ್ರೆಡ್ ಫೀಟ್ ರೋಡಿನ ಹಿಂದೆ, ಬಂಗಲೆಯೊಂದನ್ನು ಕೆಡವದೆ ಕೆಡಿಸಿ ಮಾಡಿದ ಕೆಫೆ. ನೆರೆದವರೆಲ್ಲ ಕೈಮಗ್ಗದ ಬಟ್ಟೆಯಲ್ಲಿ ದುಃಖಕ್ಕೆ ಸಿದ್ಧರಾಗಿ ಬಂದಿದ್ದರು. ವೇದಿಕೆಯಲ್ಲಿ ದೀಪ, ದೀಪದ ಪಕ್ಕ ಸ್ಟ್ಯಾಂಡು, ಸ್ಟ್ಯಾಂಡಿನ ಮೇಲೆ ದೊಡ್ಡದು ಮಾಡಿಸಿದ ರಂಗೂನಿನ ಫೋಟೊ. ಫೋಟೊಕ್ಕೆ ಗಂಧದ ಹಾರ.

ತಂಗಿಯನ್ನು ಕಾದಂಬರಿಯಲ್ಲಿ ಸಾಯಿಸಿದ್ದರಿಂದ ಅವಳಿಗೆ ಹಾರ ಹಾಕಿದ್ದರು. ಅದೇ ಚೌಕಟ್ಟಿನಲ್ಲಿರುವ ಅಕ್ಕ ಮೊದಲ ಸಾಲಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾಳೆಂಬುದು ಅಷ್ಟು ಓದಿದ ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಿರೂಪಕಿ ಗದ್ಗದಿತಳಾಗಿ, "ಈ ಸೋದರಿಯರ ನೆನಪಿಗೆ ಒಂದು ನಿಮಿಷ ಮೌನ" ಎಂದಳು. ಎಲ್ಲರೂ ಎದ್ದು ನಿಂತರು. ಓನರಮ್ಮನ ತಮ್ಮನ ಮಗನೂ ನಿಂತ, ದಡ್ಡ.

ಆ ಮೌನದಲ್ಲಿ ಓನರಮ್ಮನ ಕೋಲಿನ ಸದ್ದು ಮಾತ್ರ. ಅವರು ವೇದಿಕೆ ಹತ್ತಿ, ಫೋಟೊದ ಹಾರ ತೆಗೆದು, ಪಕ್ಕದ ಮೇಜಿನಲ್ಲಿ ಜೋಡಿಸಿಟ್ಟಿದ್ದ ಕಾದಂಬರಿಯ ಪ್ರತಿಗಳ ಮೇಲೆ ಹಾಕಿದರು. "ಇದಕ್ಕೆ ಒಪ್ಪುತ್ತೆ. ಹುಟ್ಟೋವಾಗ್ಲೇ ಸತ್ತಿದೆ."

ಮೈಕು ದೂರವಿತ್ತು. ಮಾತು ಕೇಳಿಸಿದ್ದು ಹಿಂದೆಯೇ ಓಡಿದ್ದ ನನಗೆ ಮಾತ್ರ. ಸಭೆ ಇದನ್ನು ಪುಸ್ತಕಕ್ಕೆ ಸಿಕ್ಕ ಆಶೀರ್ವಾದವೆಂದು ತಿಳಿದು ಚಪ್ಪಾಳೆ ಹೊಡೆಯಿತು. ಕಾದಂಬರಿಕಾರರು ಕಣ್ಣೀರು ಸುರಿಸುತ್ತಾ ಅವರ ಕಾಲಿಗೆ ಬಿದ್ದರು. ಬೀಳುವಾಗ ಕ್ಯಾಮೆರಾ ಯಾವ ಕಡೆಯಿದೆ ಎಂದು ನೋಡಿಕೊಂಡೇ ಬಿದ್ದರು. ಅಂಥ ಚಪ್ಪಾಳೆಯನ್ನು ನಾನು ಜೀವನದಲ್ಲಿ ಮತ್ತೆ ಕೇಳುವುದು ಬೇಡ.

ಆಟೊದಲ್ಲಿ ವಾಪಸಾಗುವಾಗ ಓನರಮ್ಮ ತಾವಾಗಿಯೇ ಮಾತು ತೆಗೆದರು.

"ಅವಳಿಗೆ ಮೈಮೇಲೆ ಅಮ್ಮ ಎದ್ದಿತ್ತು. ಸಿಡುಬು. ಗುಳ್ಳೆ ಇರೋ ಮಕ್ಕಳನ್ನ ಹಡಗಿಗೆ ಹತ್ತಿಸ್ತಿರ್ಲಿಲ್ಲ. ನಮ್ಮಮ್ಮನ ಕಂಕುಳಲ್ಲಿ ತಮ್ಮ, ಹಾಲು ಕುಡಿಯೋ ಕೂಸು. ಪಕ್ಕದ ಮನೆ ಬರ್ಮಾದೋಳು ನೋಡ್ಕೊತೀನಿ ಅಂದ್ಲು. ನಿಮ್ಮನ್ನ ಊರಿಗೆ ಬಿಟ್ಟು, ಮುಂದಿನ ಹಡಗಲ್ಲಿ ಇವಳನ್ನ ಕರ್ಕೊಂಡೋಗಕ್ಕೆ ನಾನೇ ವಾಪಸ್ ಬರ್ತೀನಿ ಅಂದ್ರು ನಮ್ಮಪ್ಪ. ಮುಂದಿನ ಹಡಗು ಎಲ್ಲಿತ್ತು?"

ಕೋಲನ್ನು ಕಾಲುಗಳ ನಡುವೆ ನೆಟ್ಟುಕೊಂಡು ಮತ್ತೆ ಶುರು ಮಾಡಿದರು.

"ಅಮ್ಮ ಬಂದಿರೋ ಮನೆಯಿಂದ ಹೇಳಿ ಹೋಗ್ಬಾರ್ದು ಅಂತ ನಮ್ಮಮ್ಮನ ಶಾಸ್ತ್ರ. ದೇವಿಗೆ ಕೋಪ ಬರುತ್ತಂತೆ. ಬಾಯಿ ಮುಚ್ಕೊಂಡು ಹೊರಟ್ವಿ. ಬೇವಿನ ಸೊಪ್ಪಿನ ಮೇಲೆ ಮಲಗಿದ್ಲು. ಕಣ್ಣು ಮುಚ್ಚಿದ್ಲು, ಆದ್ರೆ ನಿದ್ದೆ ಮಾಡ್ತಿರ್ಲಿಲ್ಲ. ನಂಗೊತ್ತು, ಕಳ್ಳನಿದ್ದೆ ಮಾಡೋವಾಗ ಅವಳ ರೆಪ್ಪೆ ಅದುರುತ್ತೆ. ಅಕ್ಕ ಹೇಳಿ ಹೋಗ್ತಾಳೆ ಅಂತ ಕಾಯ್ತಿದ್ಲು. ನಾನು ಸಾವಿನ ಮನೆಯಿಂದ ಎದ್ದೋಳ ಹಾಗೆ ಬಂದ್ಬಿಟ್ಟೆ ಕಣೇ. ಈಗ ಶ್ರಾದ್ಧ ಬೇರೆ ಮಾಡ್ಲಾ?"

ಗೇಟಿನ ಬಳಿಯ ಕುರ್ಚಿ ನನಗೆ ಅವತ್ತು ಅರ್ಥವಾಯಿತು. ಆಮೇಲೆ ಒಂದು ದಿನವೂ ಅವರ ಮುಖ ನೋಡಿ ಹೇಳದೆ ನಾನು ಬಸ್ಸಿಗೆ ಓಡಲಿಲ್ಲ. ಸುಳ್ಳು ಕಣ್ಣೀರನ್ನು ದೂರದಿಂದಲೇ ವಾಸನೆ ಹಿಡಿದು ಹೇಸುವುದನ್ನು ನನಗೆ ಕಲಿಸಿದ್ದು ಅವರು. ಆ ಋಣ ತೀರುವಂಥದಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ಅದೇ ಕುರ್ಚಿಯಲ್ಲಿ ಕೂತಹಾಗೆಯೇ ಓನರಮ್ಮ ಹೋದರು. ತಮ್ಮನ ಮಗ ಬಂದವನೇ ಹಾರ ಹಾಕಲು ಟಿವಿಯ ಮೇಲಿನ ರಂಗೂನಿನ ಫೋಟೊಕ್ಕೆ ಕೈ ಹಾಕಿದ. ನಾನು ಅಡ್ಡ ನಿಂತು, ಆಧಾರ್ ಕಾರ್ಡಿನ ಫೋಟೊ ದೊಡ್ಡದು ಮಾಡಿಸಿಕೊಂಡು ಬಾ ಎಂದು ಅಟ್ಟಿದೆ. ಅದರಲ್ಲೂ ಅವರ ಎಡ ಹೊಳ್ಳೆ ಮೇಲೇರಿತ್ತು. ಕಾದಂಬರಿಕಾರರೂ ಬಂದಿದ್ದರು. ಹೆಣದ ಪಕ್ಕ ಕೂತು, "ಕೊನೆಯ ಮಾತು ಏನಾದರೂ ಆಡಿದರಾ?" ಎಂದು ನನ್ನ ಮುಂದೆ ಫೋನು ಹಿಡಿದರು.

"ಕೈ ತೊಳ್ಕೊಂಡು ಬಂದೀರೇನ್ರೀ?" ಎಂದೆ.

ಚಟ್ಟ ಎತ್ತಿದರು. ಬಂದವರೆಲ್ಲ ಪದ್ಧತಿಯಂತೆ ತಲೆ ತಗ್ಗಿಸಿ, ಒಬ್ಬರಿಗೊಬ್ಬರು ಹೇಳದೆ ಹೊರಗೆ ಹೊರಟರು. ನಾನು ಟಿವಿಯ ಬಳಿಯೇ ಉಳಿದೆ. ಫೋಟೊದಲ್ಲಿ ಚಿಕ್ಕವಳು ಕಣ್ಣು ಬಿಟ್ಟುಕೊಂಡೇ ನಿಂತಿದ್ದಳು. ಬಾಗಿಲಲ್ಲಿದ್ದವರು ಗಾಬರಿಯಿಂದ ತಿರುಗಿ ನೋಡುವಷ್ಟು ಗಟ್ಟಿಯಾಗಿ ಅವಳಿಗೆ ಹೇಳಿದೆ:

"ತಂಗೆವ್ವ, ನಿಮ್ಮಕ್ಕ ಹೋಗಿ ಬರ್ತಾರಂತ ನೋಡ್ರೀ."