ಡೆಲ್ಬರ್ಟನ ಅಡುಗೆಮನೆ ಸೇರಿದ ಹಿಕರಿ

ಲೆವಾಯ್ ಹಾಗ್‌ಶೂಟರ್ ಊರಿಗೆಲ್ಲ ಬಿಲ್ಲು ಮಾಡುವವನು, ಹೆಂಡತಿ ನಿಯೋಮಾಳ ಪಾಲಿಗೆ ಮಾತ್ರ ಸೌದೆ ಕಾಯುವವನು. ಟಾಲೆಕ್ವಾ ಪಟ್ಟಣದಾಚೆಯ ಗುಡ್ಡದಲ್ಲಿ ಹಿಂದಿನ ವಸಂತದಲ್ಲಿ ಹಿಕರಿ ಎಂಬ ಗಟ್ಟಿ ಜಾತಿಯ ಒಂದು ಮರ ಕಡಿದು, ಬೆಣೆ ಹೊಡೆದು ಉದ್ದುದ್ದ ಸೀಳಿದ್ದ. ಕುಟ್ಟೆ ಹಿಡಿಯದಿರಲೆಂದು ತೊಗಟೆ ಸುಲಿದು, ಬಿರುಕು ಬಿಡದಿರಲೆಂದು ತುದಿಗಳಿಗೆ ಮೇಣ ಬಳಿದಿದ್ದ. ಆಮೇಲೆ ಆ ಸೀಳುಗಳನ್ನು ಒಣಗಲೆಂದು ಹೊತ್ತುಕೊಂಡು ಹೋಗಿ ಹೊಲದಾಚೆಯ ದಿಣ್ಣೆಯ ಕೊಟ್ಟಿಗೆಯ ಅಟ್ಟಕ್ಕೆ ಹಾಕಿದ. ಅಲ್ಲಿ ಗಾಳಿ ಚೆನ್ನಾಗಿ ಆಡುತ್ತಿತ್ತು. ದಿನಾ ಹೋಗಿ ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

"ಹಸಿ ಹಿಕರೀಲಿ ಬಿಲ್ಲು ಮಾಡಿದ್ರೆ ಬಾಗಿದ್ದು ಬಾಗಿದ್ದೇ, ಮತ್ತೆ ನೆಟ್ಟಗಾಗಲ್ಲ," ಎನ್ನುತ್ತಿದ್ದ.

"ನಿನ್ನ ಬೆನ್ನು ನೋಡಿದ್ರೆ ನಿಮ್ಮಮ್ಮ ನಿನ್ನನ್ನೂ ಸರಿಯಾಗಿ ಒಣಗಿಸಿಲ್ಲ ಬಿಡು," ಎನ್ನುತ್ತಿದ್ದಳು ನಿಯೋಮಾ.

ಆ ದಿಣ್ಣೆಯ ಕೆಳಗೇ ಡೆಲ್ಬರ್ಟನ ಮನೆ. ಒಂದೇ ಕುಲದವರು, ಅಣ್ಣತಮ್ಮಂದಿರ ಲೆಕ್ಕ. ಆದರೆ ಜೋಡಿಸಿಟ್ಟ ಜೋಳದ ದಂಟುಗಳಿಗೆ ಬಾಣ ಬಿಡುವ ಪಂದ್ಯದಲ್ಲಿ ಡೆಲ್ಬರ್ಟನ ಬಾಣ ಕೊನೆಯ ದಂಟನ್ನು ತೂರಿತೋ, ಬರೀ ಸವರಿತೋ ಎಂದು ಜಗಳವಾಗಿ ಇಬ್ಬರೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು.

ಮೇ ತಿಂಗಳ ಒಂದು ಮಧ್ಯಾಹ್ನ ಆಕಾಶ ಹಸಿರುಗಟ್ಟಿತು. ಸುಂಟರಗಾಳಿಯ ಬಣ್ಣ ಅದು. ನಿಯೋಮಾ ಅಂಗಳದ ನೆಲಮಾಳಿಗೆಯ ಬಾಗಿಲೆತ್ತಿ ಕೂಗುವಷ್ಟರಲ್ಲಿ ಲೆವಾಯ್ ಕೊಟ್ಟಿಗೆಯ ಕಡೆಗೆ ಅರ್ಧ ಹೊಲ ದಾಟಿದ್ದ.

"ನೀನು ಇಳಿ, ನಾನು ಬಂದೆ!"

ಅವನು ಬರಲಿಲ್ಲ. ಬಂದದ್ದು ಗಾಳಿ. ತಲೆಯ ಮೇಲೆ ರೈಲು ಹಾಯ್ದಂತೆ ಹಾಯಿತು. ಕತ್ತಲಲ್ಲಿ ಕುಳಿತ ನಿಯೋಮಾ ಅವನನ್ನು ಬೈದಳು, ಬೇಡಿಕೊಂಡಳು, ಮತ್ತೆ ಬೈದಳು.

ಹೊರಗೆ ಬಂದು ನೋಡಿದರೆ ಮನೆ ನಿಂತಿತ್ತು, ಮಾಡಿನ ಒಂದು ಮೂಲೆ ಕಿತ್ತು ಹೋಗಿತ್ತು. ದಿಣ್ಣೆಯ ಮೇಲೆ ಕೊಟ್ಟಿಗೆ ಇರಲಿಲ್ಲ. ಓಡಿದಳು. ಉಳಿದಿದ್ದು ಅಡಿಪಾಯದ ಕಲ್ಲುಗಳು ಮಾತ್ರ. ಹುಲ್ಲಿನಲ್ಲಿ ಬಿದ್ದಿದ್ದ ತಗಡುಗಳನ್ನು ಒಂದೊಂದಾಗಿ ಎತ್ತಿದಳು. ಪ್ರತಿ ಸಲವೂ ಎತ್ತುವ ಮೊದಲು ಕಣ್ಣು ಮುಚ್ಚಿಕೊಂಡಳು. ಯಾವುದರ ಕೆಳಗೂ ಅವನಿರಲಿಲ್ಲ.

ಆಗ ಕೆಳಗಿನಿಂದ, ನೆಲದೊಳಗಿನಿಂದಲೇ ಎಂಬಂತೆ, ಒಂದು ದನಿ ಕೇಳಿಸಿತು.

"ತೂರಿದ್ರೆ ದಂಟಲ್ಲಿ ತೂತು ಇರ್ಬೇಕಿತ್ತಲ್ಲಪ್ಪ, ಎಲ್ಲಿತ್ತು?"

"ಕಣ್ಣು ನೆಟ್ಟಗಿದ್ದವರಿಗೆ ಕಂಡಿತ್ತು," ಎಂದಿತು ಡೆಲ್ಬರ್ಟನ ದನಿ.

ನಿಯೋಮಾ ಒದ್ದೆ ಹುಲ್ಲಿನ ಮೇಲೆ ಕುಸಿದು ಕೂತು, ನಗುವೋ ಅಳುವೋ ತನಗೇ ತಿಳಿಯದೆ ಆ ಜಗಳವನ್ನು ಒಂದಿಷ್ಟು ಹೊತ್ತು ಕೇಳಿದಳು. ಅಷ್ಟು ಇಂಪಾದದ್ದನ್ನು ಅವಳು ಎಂದೂ ಕೇಳಿರಲಿಲ್ಲ.

ಡೆಲ್ಬರ್ಟನ ನೆಲಮಾಳಿಗೆಯ ಬಾಗಿಲಿಗೆ ಒಂದು ಕೊಂಬೆ ಅಡ್ಡ ಬಿದ್ದಿತ್ತು. ಅವಳು ಮೇಲಿನಿಂದ ಎಳೆದಳು, ಅವರು ಒಳಗಿನಿಂದ ತಳ್ಳಿದರು. ಮೊದಲು ಡೆಲ್ಬರ್ಟನ ತಲೆ ಕಂಡಿತು.

"ಅತ್ತಿಗೆ, ಕರಕೊಂಡು ಹೋಗು ನಿನ್ನ ಗಂಡನ್ನ. ಮೊದಲು ಮರ ಒಳಗೆ ಹಾಕಿದ, ಆಮೇಲೆ ತಾನು ಬಂದ. ನಡುವೆ ನನ್ನ ತಲೆ ಇತ್ತು."

ಹಿಂದೆಯೇ ಲೆವಾಯ್, ಸೀಳುಗಳನ್ನು ತಬ್ಬಿಕೊಂಡು. ನಿಯೋಮಾ ಅವನ ಎದೆಗೊಂದು ಗುದ್ದಿದಳು. ಆಮೇಲೆ ಅಂಗಿ ಹಿಡಿದುಕೊಂಡವಳು ಬಿಡಲಿಲ್ಲ.

"ಮನೆ ಕಡೆ ಓಡಿದ್ರೆ ಗಾಳಿಗೆ ಸಿಕ್ಕಿಹಾಕ್ಕೋತಿದ್ದೆ ಕಣೆ," ಎಂದ ಅವನು ಮೆಲ್ಲಗೆ. "ಇವನ ಬಾಗಿಲು ತೆರೆದಿತ್ತು."

"ತೆರೆದು ನಿಂತಿದ್ದೆ," ಎಂದ ಡೆಲ್ಬರ್ಟ್. "ಇವನು ಕೊಟ್ಟಿಗೆಗೆ ಹೋಗಿದ್ದು ನೋಡಿದ್ದೆನಲ್ಲ."



ಇನ್ನು ಮರವನ್ನು ಇಡುವುದೆಲ್ಲಿ? ಕೊಟ್ಟಿಗೆ ಹೋಗಿತ್ತು, ಲೆವಾಯ್‌ನ ಮಾಡು ಸೋರುತ್ತಿತ್ತು, ನೆಲಮಾಳಿಗೆಯಲ್ಲಿಟ್ಟರೆ ಬೂಷ್ಟು ಹಿಡಿಯುತ್ತಿತ್ತು.

"ನನ್ನ ಮನೆಗೇನೂ ಆಗಿಲ್ಲ, ಅಡುಗೆಮನೆ ತೊಲೆಗೆ ಕಟ್ಟು," ಎಂದ ಡೆಲ್ಬರ್ಟ್.

"ಒಲೆಗೆ ತೀರಾ ಹತ್ತಿರ ಬೇಡ."

"ದೂರಾನೇ ಕಟ್ಟು. ದಿನಾ ಬಂದು ತಟ್ಟಿ ನೋಡ್ಕೋ. ಆದ್ರೆ ಬಾಗಿಲನ್ನೂ ತಟ್ಟಿ ಬಾ."

ಇಬ್ಬರೂ ಹಗ್ಗ ಹಿಡಿದು ಕುರ್ಚಿ ಹತ್ತಿದರು. ಒಲೆಯ ಮೇಲೆ ಡೆಲ್ಬರ್ಟ್ ಬೇಯಿಸಿದ್ದ ಬೀನ್ಸ್ ಕಾಳು ಇನ್ನೂ ಬೆಚ್ಚಗಿತ್ತು. ಬೆಳಗಿನಿಂದ ಏನೂ ತಿಂದಿರದ ನಿಯೋಮಾ ಯಾರನ್ನೂ ಕೇಳದೆ ಬಟ್ಟಲಿಗೆ ಬಡಿಸಿಕೊಂಡು ಕೂತಳು.