ಮುಂದಿನ ಸೀಟು ನಂಗೆ

ಇದನ್ನ ಓದಿ "ಕಟ್ಟುಕತೆ" ಅನ್ನೋರು ಧಾರಾಳವಾಗಿ ಅನ್ನಲಿ, ನನಗೇನೂ ಬೇಜಾರಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ಅದನ್ನೇ ಅಂತಿದ್ದೆ. ಕೆ.ಆರ್.ಪೇಟೆಯಲ್ಲಿ ಬ್ಲೌಸು ಹೊಲಿಯೋ ಅಂಗಡಿ ಇಟ್ಟುಕೊಂಡಿರೋಳು ನಾನು. ಅಳತೆ ಕೊಡೋಕೆ ಬಂದ ಹೆಂಗಸರು ಎಷ್ಟು ದೆವ್ವದ ಕತೆ ಹೇಳಿದ್ದಾರೋ ಲೆಕ್ಕವಿಲ್ಲ. ಎಲ್ಲದಕ್ಕೂ ನಕ್ಕು, "ಸರಿ, ತೋಳು ಎಷ್ಟು ಉದ್ದ ಇಡ್ಲಿ?" ಅಂತ ಕೇಳಿ ಕಳಿಸಿದ್ದೀನಿ. ಆದರೆ ಅವತ್ತು ಆ ಕಾರಿನಲ್ಲಿ ನಾನೇ ಇದ್ದೆ. ನನ್ನ ಭಾವ ಇದ್ದರು, ಡ್ರೈವರ್ ಸಮೀರಣ್ಣ ಇದ್ದ. ಮೂರು ಜನರ ಕಿವಿಯೂ ಒಂದೇ ದಿನ ಕೆಟ್ಟುಹೋಗೋಕೆ ಸಾಧ್ಯವಿಲ್ಲ ತಾನೆ?

ಮೊದಲು ಅಕ್ಕನ ವಿಷಯ ಹೇಳಬೇಕು.

ನನ್ನ ಅಕ್ಕ ಶಾಂತ ಇದ್ದದ್ದು ನಾಗಮಂಗಲದಲ್ಲಿ. ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕ್ತಿದ್ದಳು. ಹಸು ಕಟ್ಟಿದೋಳಿಗೆ ರಜ ಎಲ್ಲಿ? ಬೆಳಗ್ಗೆಯೂ ಕರೀಬೇಕು, ಸಂಜೆಯೂ ಕರೀಬೇಕು. ನಮ್ಮ ಸುತ್ತಮುತ್ತಲಿನ ಕೆರೆಗಳನ್ನೆಲ್ಲ ಅವಳು ನೋಡಿದ್ದು ಬಸ್ಸಿನ ಕಿಟಕಿಯಿಂದ, ಅದೂ ಯಾರದೋ ಹೆಗಲ ಮೇಲಿಂದ ಇಣುಕಿ. "ಒಂದಿನ ನಮ್ದೇ ಅಂತ ಕಾರು ಮಾಡ್ಕಂಡು, ಕಂಡ್ ಕಂಡ್ ಕೆರೆ ತಾವೆಲ್ಲ ನಿಲ್ಲಿಸ್ಕಂಡು ಬರ್ಬೇಕು ಕಣೆ" ಅನ್ನೋಳು. ನೀರು ನೋಡೋಕೆ ಕಾರು ಬೇಕಾ ನಿಂಗೆ ಅಂತ ನಾನು ರೇಗಿಸ್ತಿದ್ದೆ.

ಅವಳ ಒಬ್ಬಳೇ ಮಗಳು ಚೈತ್ರ ಹೆರಿಗೆಗೆ ತವರಿಗೆ ಬಂದಿದ್ದಳು. ನೋವು ಶುರುವಾದಾಗ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು ಅದೇ ಬೀದಿಯ ಸಮೀರಣ್ಣನ ಕಾರಿನಲ್ಲಿ. ಆ ಗಾಬರಿಯಲ್ಲೂ ಅಕ್ಕ ಹಿಂದಿನ ಸೀಟಿನಿಂದ ಬಗ್ಗಿ ಅವನಿಗೆ ಹೇಳಿದ್ದಳಂತೆ, "ಮಗು ಆಗ್ಬುಡ್ಲಿ ಸಮೀರಣ್ಣ. ನಿನ್ ಕಾರಲ್ಲೇ ಎಲ್ಲಾ ಕೆರೆ ತೋರಿಸ್ಬುಡು. ಮುಂದಿನ ಸೀಟು ನಂಗೆ, ಈಗ್ಲೇ ಯೋಳಿವ್ನಿ."

ಮಗಳನ್ನ ಒಳಗೆ ಕರೆದುಕೊಂಡು ಹೋದರು. ಅಕ್ಕ ಹೊರಗೆ ಬೆಂಚಿನ ಮೇಲೆ ಕೂತಳು. ಹುಟ್ಟೋ ಕೂಸಿಗೆ ತೇಯ್ದು ನೆಕ್ಕಿಸೋಕೆ ಅಂತ ಬಜೆಯ ತುಂಡೊಂದನ್ನ ಸುಟ್ಟು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು. ಕೂತವಳು ಹಾಗೇ ಗೋಡೆಗೆ ಒರಗಿದಳು. ಪಾಪ, ನಿದ್ದೆ ಹತ್ತಿರಬೇಕು ಅಂದುಕೊಂಡರು ಭಾವ. ನರ್ಸು ಬಂದು "ಹೆಣ್ಣುಮಗು" ಅಂದಾಗ ಎಬ್ಬಿಸೋಕೆ ಹೋದರೆ... ಅಕ್ಕ ಇರಲಿಲ್ಲ.

ಹೃದಯ ನಿಂತಿತ್ತು ಅಂದರು ಡಾಕ್ಟರು. ಗೋಡೆಯ ಆ ಕಡೆ ಮೊಮ್ಮಗಳು, ಈ ಕಡೆ ಅಜ್ಜಿ. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಸ್ಥಿ ಬಿಡೋಕೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋದೆವು, ಭಾವ ಮತ್ತು ನಾನು, ಸಮೀರಣ್ಣನ ಕಾರಿನಲ್ಲೇ. ಅಷ್ಟರಲ್ಲಿ ಬಾಣಂತಿ ಮನೆ ಸೇರಿದ್ದಳು. ಅಳಿಯ ಮತ್ತು ಅವನ ತಾಯಿ ನಾಗಮಂಗಲದಲ್ಲೇ ಅವಳ ಜೊತೆ ಉಳಿದಿದ್ದರು. ನದಿಯ ಹತ್ತಿರ ಜನವೋ ಜನ. ನಮ್ಮ ಸರದಿ ಬಂದು ಮುಗಿಯೋ ಹೊತ್ತಿಗೆ ಮಧ್ಯಾಹ್ನ ದಾಟಿತ್ತು.

ಮಡಕೆ ನೀರಿಗೆ ಬಿಟ್ಟ ಮೇಲೆ ಪುರೋಹಿತರು ಮೆಲ್ಲಗೆ ಹೇಳಿದರು. "ತಿರುಗಿ ನೋಡಬೇಡಿ. ಹೆಸರು ಹಿಡಿದು ಕರೀಬೇಡಿ. 'ಬರ್ತೀವಿ' ಅಂತಲೂ ಅನ್ನಬೇಡಿ. ಸುಮ್ಮನೆ ನಡ್ಕೊಂಡು ಹೋಗ್ಬಿಡಿ."

ಭಾವ ಕಾರಿನವರೆಗೂ ಹಾಗೇ ತಲೆ ಬಗ್ಗಿಸಿಕೊಂಡು ನಡೆದರು. ಕಾರಿನ ಹತ್ತಿರ ಬಂದವರೇ ಮುಂದಿನ ಬಾಗಿಲು ತೆಗೆದರು. ಅವರು ಅಲ್ಲಿ ಕೂತ್ಕೋತಾರೆ ಅಂದುಕೊಂಡು ನಾನು ಹಿಂದೆ ಹತ್ತಿದೆ. ಅವರು ಬಾಗಿಲು ಹಿಡಿದುಕೊಂಡು, ನದಿಯ ಕಡೆ ತಿರುಗಿ, ದಿನಾ ಕರೆಯೋ ಹಾಗೇ ಕರೆದರು.

"ಹತ್ತಮ್ಮಿ. ಮುಂದೆ ಕೂತ್ಕ."

ಮದುವೆಯಾದಾಗಿನಿಂದ ಅವರು ಅಕ್ಕನನ್ನ ಕರೆದಿದ್ದು "ಅಮ್ಮಿ" ಅಂತಲೇ. ಬಾಯಿತಪ್ಪಿ ಬಂತೋ, ಬೇಕಂತಲೇ ಕರೆದರೋ, ಇವತ್ತಿಗೂ ನಾನು ಕೇಳಿಲ್ಲ. ಪುರೋಹಿತರು ಮಾಡಬೇಡಿ ಅಂದಿದ್ದೂ ಅದನ್ನೇ. ಭಾವ ಸ್ವಲ್ಪ ಹೊತ್ತು ನಿಂತು, ಬಾಗಿಲು ಮೆಲ್ಲಗೆ ಮುಚ್ಚಿ, ಹಿಂದೆ ಬಂದು ನನ್ನ ಪಕ್ಕ ಕೂತರು.

"ತೊಣ್ಣೂರ್ ಕೆರೆ ಕಡೆಯಿಂದ ಓಗಪ್ಪ" ಅಂದರು.

"ಭಾವ, ಸೂತಕದಲ್ಲಿ ಊರು ಸುತ್ತೋದಾ? ಜನ ಏನಂದಾರು?" ಅಂದೆ.

"ಸೂತಕ ದೇವಸ್ಥಾನಕ್ಕೆ ಕಣವ್ವ. ಕೆರೆಗ್ಯಾವ ಸೂತಕ?"

ಸಮೀರಣ್ಣ ಕಾರು ಹೊರಡಿಸಿದ.

ಊರು ಬಿಟ್ಟು ಪಾಂಡವಪುರದ ರಸ್ತೆಗೆ ಬಿದ್ದಿದ್ದೆವಷ್ಟೇ... ಟಿಂಗ್... ಟಿಂಗ್... ಟಿಂಗ್...

"ಏನಣ್ಣ ಅದು?"

"ಬೆಲ್ಟಿನ ಬೆಲ್ ಕಣಮ್ಮ. ಮುಂದಿನ ಸೀಟಲ್ಲಿ ಯಾರಾದ್ರೂ ಕೂತು ಬೆಲ್ಟ್ ಹಾಕಿಲ್ಲ ಅಂದ್ರೆ ಇಂಗೆ ಬಡ್ಕತದೆ. ನೀರಿನ ಬಾಟ್ಲಿಗೀಟ್ಲಿ ಅದಾ ಅಲ್ಲಿ?"

ಬಗ್ಗಿ ನೋಡಿದೆ. ಸೀಟು ಖಾಲಿ. ಒಂದು ಚೀಟಿಯೂ ಇರಲಿಲ್ಲ. ಸಮೀರಣ್ಣ ಎಡಗೈಯಲ್ಲಿ ಸೀಟಿಗೆ ಎರಡು ಗುದ್ದು ಕೊಟ್ಟ. ನಿಲ್ಲಲಿಲ್ಲ. "ಹಾಳಾದ್ದು, ನೆನ್ನೆ ಗಂಟ ಸರಿಯಾಗಿತ್ತು" ಅಂತ ಗೊಣಗಿದ.

ಆಗ ಭಾವ ಹಿಂದಿನಿಂದ ಕೈ ಚಾಚಿ, ಆ ಬೆಲ್ಟನ್ನ ನಿಧಾನವಾಗಿ ಎಳೆದು, ಖಾಲಿ ಸೀಟಿಗೆ ಅಡ್ಡ ತಂದು ಸಿಕ್ಕಿಸಿದರು. ಸದ್ದು ನಿಂತಿತು.

"ಅವ್ಳಿಗೆ ಬೆಲ್ಟ್ ಹಾಕ್ಕಳದು ಎಲ್ ಗೊತ್ತು" ಅಂದರು. ಯಾರಿಗೆ ಅಂದರೋ. ಸಮೀರಣ್ಣ ಕನ್ನಡಿಯಲ್ಲಿ ನನ್ನ ಮುಖ ನೋಡಿದ. ನಾನು ಕಿಟಕಿ ಕಡೆ ತಿರುಗಿಕೊಂಡೆ.

ತೊಣ್ಣೂರು ಕೆರೆಯಲ್ಲಿ ಬೆಟ್ಟದ ನೆರಳು ನೀರಿಗೆ ಬಿದ್ದಿತ್ತು. ತಳದ ಕಲ್ಲು ಕಾಣೋಷ್ಟು ತಿಳಿ ನೀರು. ಯಾರೋ ಹುಡುಗರು ಫೋಟೋ ತೆಗೆದುಕೊಳ್ತಿದ್ದರು. ಭಾವ ಇಳಿದು, ಮುಂದಿನ ಬಾಗಿಲು ತೆಗೆದು, ಬೆಲ್ಟು ಬಿಚ್ಚಿ, ಸ್ವಲ್ಪ ಹೊತ್ತು ಕಾದು, ಆಮೇಲೆ ನೀರಿನ ಕಡೆ ನಡೆದರು. ಒಬ್ಬರೇ ನಿಂತು ಅದೇನೋ ತೋರಿಸ್ತಾ ಮಾತಾಡ್ತಿದ್ದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಹೆಂಡತಿ ಹೋದ ದುಃಖಕ್ಕೆ ತಲೆ ಕೆಟ್ಟಿದೆ ಅಂತಲೇ ನನ್ನ ಲೆಕ್ಕ.

ವಾಪಸು ಹೊರಟಾಗ ಕಾರು ನಾಲ್ಕು ಮಾರು ಹೋಗಿಲ್ಲ... ಟಿಂಗ್... ಟಿಂಗ್...

ಮತ್ತೆ ಭಾವನ ಕೈ. ಮತ್ತೆ ಬೆಲ್ಟು. ಮತ್ತೆ ಮೌನ.

ದಾರಿಯುದ್ದಕ್ಕೂ ಕಬ್ಬಿನ ಗದ್ದೆ. ಸಿಕ್ಕ ಕೆರೆಕಟ್ಟೆ ಹತ್ತಿರವೆಲ್ಲ ಭಾವ ಕಾರು ನಿಲ್ಲಿಸಿದರು. ಕೆ.ಆರ್.ಪೇಟೆ ಕೆರೆ ಹತ್ತಿರ ಬಂದಾಗ ಹೊತ್ತು ಮುಳುಗಿತ್ತು. ನನ್ನ ಮನೆ ಅಲ್ಲೇ. ಇಳಿದುಬಿಡಬಹುದಿತ್ತು. ಆದರೆ ಭಾವನನ್ನ ಹಾಗೆ ಬಿಟ್ಟು ಹೋಗೋಕೆ ಮನಸ್ಸು ಬರಲಿಲ್ಲ. ಭಾವ ನೀರಿನ ಹತ್ತಿರ ಹೋಗಿದ್ದಾಗ ನಾನು ಸಮೀರಣ್ಣನಿಗೆ ಹೇಳಿದೆ, "ಇನ್ಮುಂದಕ್ಕೆ ಆ ಸೀಟಲ್ಲಿ ನಾನೇ ಕೂತ್ಕತೀನಿ. ಅದೆಂಗೆ ಬಡ್ಕತದೆ ನೋಡಣ."

ಬಾಗಿಲು ತೆಗೆದು ಸೀಟಿನ ಮೇಲೆ ಕೈ ಊರಿದೆ.

ಸೀಟು ಬೆಚ್ಚಗಿತ್ತು.

ಬಿಸಿಲಿನ ಬಿಸಿ ಅಲ್ಲ ಅದು. ಕೆರೆಯ ಗಾಳಿಗೆ ಕಾರೆಲ್ಲ ತಣ್ಣಗಾಗಿತ್ತು. ಬಸ್ಸಿನಲ್ಲಿ ಯಾರಾದರೂ ಎದ್ದುಹೋದ ತಕ್ಷಣ ನಾವು ಕೂತರೆ ಇರುತ್ತಲ್ಲ, ಆ ಬಿಸುಪು. ಜೊತೆಗೆ ಒಂದು ವಾಸನೆ... ಸುಟ್ಟ ಬಜೆಯ ವಾಸನೆ. ನಾನು ಕೈ ತೆಗೆದು, ಬಾಗಿಲು ಹಾಕಿ, ತೆಪ್ಪಗೆ ಹಿಂದೆ ಹೋಗಿ ಕೂತೆ. ಸಮೀರಣ್ಣನ ತುಟಿ ಅಲುಗಾಡ್ತಿತ್ತು, ಅದೇನೋ ಪ್ರಾರ್ಥನೆ ಹೇಳಿಕೊಳ್ತಿದ್ದ.

ನಾಗಮಂಗಲದ ರಸ್ತೆಗೆ ತಿರುಗಿದಾಗ ಕತ್ತಲು ಪೂರ್ತಿ ಕವಿದಿತ್ತು. ಎದುರಿಗೆ ಒಂದು ಗಾಡಿಯೂ ಇಲ್ಲ. ಕಾರಿನ ತುಂಬಾ ಬಜೆಯ ವಾಸನೆ.

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಚೈತ್ರನ ಅತ್ತೆ.

"ಎಲ್ಲಿದ್ದೀರವ್ವ? ಹೊತ್ತು ಮುಳುಗಿದಾಗಿಂದ ಮಗು ಒಂದೇ ಸಮ ಅಳ್ತಾ ಅದೆ. ಮೊಲೆ ಹಿಡೀತಾ ಇಲ್ಲ. ನೋಡಿ, ನದಿ ತಾವಿಂದ ಬರ್ತಾ ಇದ್ದೀರಿ. ಬಾಣಂತಿ ಮನೆ ಇದು. ಬರುವಾಗ ಜೊತೇಲಿ ಏನೂ ಬರ್ದಂಗೆ ನೋಡ್ಕಳಿ..."

ಅವರ ಮಾತಿನ ಹಿಂದೆ ಮಗುವಿನ ಅಳು ಕೇಳಿಸ್ತಿತ್ತು. ಉಸಿರುಕಟ್ಟಿ ಅಳೋ ಅಳು. ಕಾರಿನೊಳಗೆಲ್ಲ ಕೇಳಿಸೋಷ್ಟು ಜೋರು.

ಟಿಂಗ್... ಟಿಂಗ್... ಟಿಂಗ್... ಟಿಂಗ್...

ಬೆಲ್ಟು ಹಾಕೇ ಇತ್ತು! ನಾನೇ ಕಣ್ಣಾರೆ ನೋಡಿದೆ, ಖಾಲಿ ಸೀಟಿಗೆ ಅಡ್ಡವಾಗಿ ಬಿಗಿಯಾಗಿ ಎಳೆದುಕೊಂಡಿತ್ತು. ಆದರೂ ಸದ್ದು. ಊರು ಹತ್ತಿರವಾದಷ್ಟೂ ಬೇಗಬೇಗ, ಮನೆ ಮುಟ್ಟೋಕೆ ಆತುರ ಪಡೋರ ಹಾಗೆ.

ಊರಿಗೆ ಮುಂಚೆ ಒಂದು ಸಣ್ಣ ಕೆರೆ ಸಿಗುತ್ತೆ. ಅದರ ಏರಿಯ ಮೇಲೆ ಸಮೀರಣ್ಣ ಕಾರು ನಿಲ್ಲಿಸಿ ಕೀಲಿ ತಿರುಗಿಸಿದ. ಇಂಜಿನ್ ನಿಂತಿತು, ದೀಪ ಆರಿತು.

ಟಿಂಗ್... ಟಿಂಗ್...

"ಯಾ ಅಲ್ಲಾ" ಅಂದ. "ಅಮ್ಮ, ನನ್ ಕೈಲಿ ಆಗಲ್ಲ. ನೀವೇ ಏನಾದ್ರೂ ಯೋಳಿ."

ಭಾವ ನನ್ನ ಕೈ ಹಿಡಿದುಕೊಂಡರು. "ಒಂದ್ಸಲ ಬುಟ್ಬುಡವ್ವ. ಒಂದೇ ಸಲ. ಬಾಗಿಲಲ್ಲೇ ನಿಂತು ಮಗೀನ ನೋಡ್ಕಂಡು ಓಗ್ಲಿ. ಅವ್ಳೇನು ಕೇಡು ಮಾಡೋಳಾ? ಸ್ವಂತ ಅಜ್ಜಿ ಕಣವ್ವ..."

ನನಗೂ ಹಾಗೇ ಅನಿಸಿತು. ಸುಳ್ಳು ಹೇಳೋದಿಲ್ಲ. ಕರೆದುಕೊಂಡು ಹೋಗೋಣ, ಮಗುವನ್ನ ಎತ್ತಿ ತೋರಿಸೋಣ ಅಂತ ಜೀವ ಹೊಡೆದುಕೊಂಡಿತು. ಆದರೆ ಫೋನಿನಲ್ಲಿ ಕೇಳಿದ ಆ ಅಳು ಕಿವಿಯಲ್ಲೇ ಇತ್ತು. ಹಸಿ ಬಾಣಂತಿ, ಈಗಷ್ಟೇ ಕಣ್ಣು ಬಿಡ್ತಿರೋ ಕೂಸು. ಹೆಚ್ಚುಕಮ್ಮಿ ಆದರೆ? ಆಗ ಚೈತ್ರಳಿಗೆ ಏನು ಹೇಳೋದು?

"ಬ್ಯಾಡ ಭಾವ" ಅಂದೆ.

ಇಳಿದೆ. ಕೆರೆಯ ಕಪ್ಪೆಗಳು ವಟಗುಟ್ಟುತ್ತಿದ್ದವು. ಮುಂದಿನ ಬಾಗಿಲು ತೆಗೆದಾಗ ಒಳಗಿನ ದೀಪ ಹತ್ತಿತು. ಖಾಲಿ ಸೀಟು, ಅಡ್ಡಲಾಗಿ ಬೆಲ್ಟು, ಅಷ್ಟೇ. ಎಲ್ಲಿ ನೋಡಿ ಮಾತಾಡಬೇಕು ಅಂತ ಗೊತ್ತಾಗದೆ ಸುಮ್ಮನೆ ಸೀಟಿನ ತಲೆಯ ಕಡೆ ನೋಡಿದೆ.

"ಅಕ್ಕ..." ಅಂದೆ. "ಹೆಣ್ಮಗು ಕಣಕ್ಕ. ಕೂದ್ಲು ದಟ್ಟವಾಗವೆ, ಮೂಗು ನಿಂದೇ. ಚೈತ್ರನೂ ಚೆನ್ನಾಗವ್ಳೆ. ನಾನು ನೋಡ್ಕತೀನಿ. ಬಾಣಂತನ ನಾನೇ ಮಾಡ್ತೀನಿ, ಆಣೆ ಮಾಡಿ ಯೋಳ್ತೀನಿ. ನೀನು... ನೀನು ಇಲ್ಲೇ ಇಳ್ಕಬುಡಕ್ಕ."

ಸದ್ದು ನಿಂತಿತು.

ಕಪ್ಪೆಗಳೂ ಸುಮ್ಮನಾದವು.

ಆಮೇಲೆ... ನಾವು ಮೂರೂ ಜನ ನೋಡ್ತಾ ಇದ್ದ ಹಾಗೇ... ಟಕ್ ಅಂತ ಬೆಲ್ಟು ಬಿಚ್ಚಿಕೊಂಡಿತು. ಸರಕ್ಕನೆ ಹಾರಲಿಲ್ಲ. ಯಾರೋ ಕೈಯಲ್ಲಿ ಹಿಡಿದು ಬಿಟ್ಟ ಹಾಗೆ, ಮೆಲ್ಲಗೆ, ಬಹಳ ಮೆಲ್ಲಗೆ ಸುತ್ತಿಕೊಂಡು ತನ್ನ ಜಾಗಕ್ಕೆ ಹೋಯಿತು. ಬಜೆಯ ವಾಸನೆ ನನ್ನ ಮುಖಕ್ಕೆ ತೀರಾ ಹತ್ತಿರ ಬಂದು, ನನ್ನನ್ನ ದಾಟಿ, ಏರಿಯ ಕತ್ತಲ ಕಡೆ ಹೋಯಿತು.

ಭಾವ ಹಿಂದಿನ ಸೀಟಿನಲ್ಲಿ ಚಿಕ್ಕ ಮಕ್ಕಳ ಹಾಗೆ ಅಳ್ತಿದ್ದರು. ನಾನು ಸೀಟಿನ ಮೇಲೆ ಕೈ ಇಟ್ಟು ನೋಡಿದೆ. ತಣ್ಣಗಿತ್ತು.

ಮನೆ ಬಾಗಿಲಲ್ಲಿ ಕಾಲಿಗೆ ನೀರು ಹಾಕಿಸಿಕೊಂಡು ಒಳಗೆ ಹೋದಾಗ ಮಗು ಗಾಢ ನಿದ್ದೆಯಲ್ಲಿತ್ತು. "ಈಗ್ ತಾನೆ, ಇದ್ದಕ್ಕಿದ್ದಂಗೆ ಸುಮ್ಮನಾಗ್ಬುಡ್ತು ಕಣವ್ವ" ಅಂದರು ಚೈತ್ರನ ಅತ್ತೆ.

ಸಮೀರಣ್ಣ ಕಾರನ್ನ ಗ್ಯಾರೇಜಿಗೆ ತೋರಿಸಿದ. ಬೆಲ್‌ನಲ್ಲೂ ಏನೂ ದೋಷ ಇಲ್ಲ, ಬೆಲ್ಟ್‌ನಲ್ಲೂ ಏನೂ ದೋಷ ಇಲ್ಲ ಅಂದರಂತೆ. ಭಾವ ಇವತ್ತಿಗೂ ಆ ವಿಷಯ ಎತ್ತೋದಿಲ್ಲ. ಎತ್ತಿದರೆ ನಾನು ಏನು ಹೇಳಲಿ ಅನ್ನೋ ಹೆದರಿಕೆ ನನಗೆ. ಕೇಳಿದ ಒಬ್ಬಿಬ್ಬರು ಮಾತ್ರ "ಒಳ್ಳೆ ಕೆಲಸ ಮಾಡ್ದೆ, ಕೂಸು ಉಳ್ಕಂತು" ಅಂತಾರೆ. ನಾನು ತಲೆ ಆಡಿಸ್ತೀನಿ.

ಆದರೆ ರಾತ್ರಿ ನಿದ್ದೆ ಬರೋದಿಲ್ಲ. ದೆವ್ವ ಅಂದರೆ ಹಠ ಮಾಡುತ್ತೆ, ಮೈಮೇಲೆ ಬರುತ್ತೆ, ಹೋಗು ಅಂದರೂ ಹೋಗೋದಿಲ್ಲ ಅಂತ ಕೇಳಿದ್ದೆ. ನಮ್ಮಕ್ಕ ಇಳಿ ಅಂದ ತಕ್ಷಣ ಇಳಿದುಬಿಟ್ಟಳು. ಮನೆ ಇನ್ನೇನು ಕೂಗಳತೆ ದೂರದಲ್ಲಿತ್ತು. ಒಂದು ಸಲ, ಒಂದೇ ಒಂದು ಸಲ, "ಇಲ್ಲ ಕಣೆ, ನೋಡ್ಕಂಡೇ ಓಗೋದು" ಅಂತ ಅವಳು ಹಠ ಮಾಡಬಾರದಿತ್ತಾ.