ಹತ್ತು ಮೀಟರ್ ಬೆಳೆದ ಏರಿ

ಚಾಮರಾಜಪೇಟೆಯ ಚೂಡಾಮಣಿ ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ನಕ್ಷೆ ಬರೆದವರು. ಆ ವಿಭಾಗಕ್ಕೆ ಸೇರಿದ ಮೊದಲ ಹೆಂಗಸು ಅವರೇ. ಶುರುವಿನಲ್ಲಿ ಅವರನ್ನು ನೋಡಿ ನಕ್ಕವರೇ ಮುಂದೆ ತಮ್ಮ ನಕ್ಷೆ ತಿದ್ದಿಸಿಕೊಳ್ಳಲು ಅವರ ಮೇಜಿನ ಮುಂದೆ ನಿಲ್ಲುತ್ತಿದ್ದರು. ನಿವೃತ್ತರಾದ ಮೇಲೆ ಮಾತ್ರ ಕೈಗೆ ಕೆಲಸವಿಲ್ಲದೆ ಚಡಪಡಿಸುವಂತಾಯಿತು.

೨೦೦೮ರ ಒಂದು ಸಂಜೆ ಗವಿಪುರಂನ ಕೆರೆ ಉಳಿಸುವ ಸಂಘದ ವರದರಾಜ ಮನೆಗೆ ಬಂದರು. ಜೊತೆಯಲ್ಲಿ ಸಂಘದ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ವಾಣಿ, ತೊಡೆಯ ಮೇಲೆ ಲ್ಯಾಪ್‌ಟಾಪ್. ಊರಾಚೆಯ ಹುಣಸೇಕಟ್ಟೆ ಕೆರೆಯ ಅಂಚಿಗೆ ಹೊಸ ಬಡಾವಣೆಯ ಕಾಂಪೌಂಡ್ ಎದ್ದಿತ್ತು. ಒತ್ತುವರಿಯ ಅನುಮಾನ. ಆದರೆ ಉಪಗ್ರಹ ಚಿತ್ರದ ಮೇಲೆ ವಾಣಿ ಅಳೆದಾಗ ಕೆರೆ ನಲವತ್ತು ಎಕರೆ ಬಂದಿತ್ತು. ಹಳೆಯ ದಾಖಲೆಯಲ್ಲೂ ನಲವತ್ತೇ.

"ದೂರು ಕೊಡೋಕೇನೂ ಉಳಿದಿಲ್ಲ. ಆದ್ರೂ ನೀವೊಂದ್ಸಲ ನೋಡ್ಬಿಡಿ" ಎಂದರು ವರದರಾಜ.

ಚೂಡಾಮಣಿ ಎಕರೆಯ ತಂಟೆಗೇ ಹೋಗಲಿಲ್ಲ. "ಏರಿ ಎಷ್ಟುದ್ದ ತೋರಿಸ್ತಿದೆ ನೋಡಮ್ಮ."

"ನಾನೂರ ಹತ್ತು ಮೀಟರ್, ಮೇಡಂ."

"ತೊಂಬತ್ತನಾಲ್ಕರಲ್ಲಿ ಈ ಕೆರೆ ನಕ್ಷೆ ನಾನೇ ಬರೆದಿದ್ದು. ಆಗ ನಾನೂರಿತ್ತು. ಕಲ್ಲಿನ ಏರಿ ಹೇಗಮ್ಮ ಬೆಳೆಯತ್ತೆ?"

ಮರುದಿನ ಬೆಳಿಗ್ಗೆ ಚೂಡಾಮಣಿ, ವಾಣಿ ಇಬ್ಬರೂ ಟೇಪು ಹಿಡಿದು ಏರಿಯ ಮೇಲೆ ನಡೆದರು. ಸರಿಯಾಗಿ ನಾನೂರು.

ವಾಣಿ ಅಲ್ಲೇ ಕಲ್ಲಿನ ಮೇಲೆ ಕುಳಿತು ಲ್ಯಾಪ್‌ಟಾಪ್ ತೆರೆದಳು. ಹುಡುಕುತ್ತ ಹೋದಂತೆ ಗುಟ್ಟು ತಿಳಿಯಿತು. ಉಂಡೆಯಾಗಿರುವ ಭೂಮಿಯನ್ನು ಚಪ್ಪಟೆ ಮಾಡುವಾಗ, ಕಂಪ್ಯೂಟರಿನ ಆ ನಕ್ಷೆ ಸಮಭಾಜಕ ವೃತ್ತದಿಂದ ದೂರ ಹೋದಷ್ಟೂ ಎಲ್ಲವನ್ನೂ ಹಿಗ್ಗಿಸುತ್ತಿತ್ತು. ಬೆಂಗಳೂರಿನಷ್ಟು ದೂರಕ್ಕೆ ಉದ್ದದಲ್ಲಿ ನೂರಕ್ಕೆ ಎರಡೂವರೆ, ಅಗಲದಲ್ಲೂ ಅಷ್ಟೇ; ಒಟ್ಟು ವಿಸ್ತೀರ್ಣದಲ್ಲಿ ಐದರ ಮೇಲೆ. ವಿಸ್ತೀರ್ಣ ಕೆಡದಂಥ ಬೇರೆ ಬಗೆಯ ನಕ್ಷೆಗೆ ಬದಲಾಯಿಸಿ ಮತ್ತೆ ಅಳೆದಳು. ಮೂವತ್ತೆಂಟು ಎಕರೆ! ಎರಡು ಎಕರೆ ಕಾಂಪೌಂಡಿನೊಳಗೆ ಸೇರಿಹೋಗಿತ್ತು.

"ನನ್ನ ಅಳತೆ ನಂಬಿದ್ರೆ ಬಡಾವಣೆಯವ್ರು ತಪ್ಪಿಸ್ಕೊಂಡ್ಬಿಡ್ತಿದ್ರು, ಮೇಡಂ." ವಾಣಿಯ ಮುಖ ಸಪ್ಪಗಾಗಿತ್ತು.

"ನಾನೊಂದ್ಸಲ ಇಡೀ ಹೋಬಳಿ ನಕ್ಷೆಗೆ ತಪ್ಪು ಸ್ಕೇಲ್ ಹಾಕಿ ಸಾಹೇಬ್ರ ಹತ್ರ ಚೆನ್ನಾಗಿ ಬೈಸ್ಕೊಂಡಿದ್ದೆ. ಏಳು, ಮನೇಗೆ ಹೋಗಿ ಕಾಫಿ ಕುಡಿದು ಅರ್ಜಿ ಬರೆಯೋಣ."

ಎಂಟು ತಿಂಗಳು ಓಡಾಡಿದ ಮೇಲೆ ಸರ್ಕಾರದ ಅಳತೆಗಾರರು ಬಂದರು. ಅವರಿಗೂ ಮೂವತ್ತೆಂಟೇ ಸಿಕ್ಕಿತು. ಕಾಂಪೌಂಡ್ ಬಿತ್ತು. ಹೊಸ ಗಡಿಕಲ್ಲು ನೆಡುವ ದಿನ ಚೂಡಾಮಣಿ ಛತ್ರಿ ಹಿಡಿದು ಕೊನೆಯ ಕಲ್ಲಿನವರೆಗೂ ನಡೆದರು.

ಆಮೇಲೆ ಪ್ರತಿ ಶನಿವಾರ ಅವರು ಸಂಘದ ಕೋಣೆಯಲ್ಲಿ ವಾಣಿಯ ಪಕ್ಕ ಕುಳಿತು ಮೌಸ್ ಹಿಡಿಯುವುದನ್ನು ಕಲಿತರು. ಇನ್ನೂ ಹನ್ನೊಂದು ಕೆರೆ ಅಳೆಯುವುದಿತ್ತು.